ಸೇಬಿನ ಜೊತೆ ಬೇರೆ ಹಣ್ಣು ಬೆರೆತ ಹಾರ್ಡ್ ಸೈಡರ್: ಯಾವುದು ನಿಜಕ್ಕೂ ಚೆನ್ನಾಗಿದೆ?

ಒರೆಗಾನ್ ಕನ್ನಡಿಗ

ಇಲ್ಲಿ ಒರೆಗಾನ್‌ನಲ್ಲಿ ಅಂಗಡಿಯ ಫ್ರಿಜ್ ಮುಂದೆ ನಿಂತರೆ ಬರೀ ಸೇಬಿನ ಹಾರ್ಡ್ ಸೈಡರನ್ನು ಹುಡುಕಬೇಕಾಗುತ್ತದೆ. ಮ್ಯಾರಿಯನ್‌ಬೆರಿ, ಅನಾನಸ್, ಚೆರ್ರಿ, ಬ್ಲ್ಯಾಕ್‌ಕರಂಟ್, ಪೀಚ್, ರುಬಾರ್ಬ್ ಎಲ್ಲವೂ ಸೇಬಿನ ಜೊತೆ ಸೇರಿ ಕ್ಯಾನ್‌ಗಳಲ್ಲಿ ಬರುತ್ತಿವೆ. ಮೊನ್ನೆ ಗೆಳೆಯರ ಮನೆಯಲ್ಲಿ ಇದೇ ಮಾತು ಬಂತು. ಒಬ್ಬರು "ಅದೆಲ್ಲ ಮದ್ಯ ಬೆರೆಸಿದ ಶರಬತ್ತು, ಬಿಡಿ" ಅಂದರು. ನಾನು ಒಪ್ಪಲಿಲ್ಲ. ಕೆಲವು ನಿಜವಾಗಿ ಶರಬತ್ತೇ. ಆದರೆ ಇನ್ನು ಕೆಲವು, ಬರೀ ಸೇಬಿನ ಕೈಲಿ ಆಗದ ಕೆಲಸ ಮಾಡುತ್ತವೆ. ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ ಅಂತ ಇಲ್ಲಿ ಮಾತಾಡೋಣ ಅಂತ ಈ ಎಳೆ ಶುರು ಮಾಡಿದ್ದೇನೆ.

ಹೊಸಬರಿಗೆ ಒಂದು ಮಾತು. ಅಮೆರಿಕದಲ್ಲಿ ಸುಮ್ನೆ ಸೈಡರ್ ಅಂದರೆ ಹಿಂಡಿದ ಸೇಬಿನ ರಸ. ಅದನ್ನು ಯೀಸ್ಟ್ ಹಾಕಿ ಫರ್ಮೆಂಟ್ ಮಾಡಿದರೆ, ಅಂದರೆ ಹುದುಗಿಸಿದರೆ, ಹಾರ್ಡ್ ಸೈಡರ್. ಈ ಎಳೆಯಲ್ಲಿ ಸೈಡರ್ ಅಂದರೆ ಹಾರ್ಡ್ ಸೈಡರೇ. ಮದ್ಯದ ಪ್ರಮಾಣ ಸಾಮಾನ್ಯವಾಗಿ ಶೇ. 5ರಿಂದ 7.

ನನ್ನ ಅಳತೆಗೋಲು ಒಂದೇ. ಗುಟುಕು ಒಳಗೆ ಹೋದ ಮೇಲೆ ಬಾಯಲ್ಲಿ ಸೇಬು ಉಳಿದಿರಬೇಕು. ಮೊದಲು ಮೂಗಿಗೆ ಬೇರೆ ಹಣ್ಣು ಬರಲಿ, ಬಣ್ಣ ಕೆಂಪಾಗಲಿ, ನೀಲಿಯಾಗಲಿ, ತೊಂದರೆ ಇಲ್ಲ. ಕೊನೆಯಲ್ಲಿ ಸೇಬೇ ಇಲ್ಲ ಅಂದರೆ ಅದನ್ನು ಸೈಡರ್ ಅಂತ ಯಾಕೆ ಕೊಳ್ಳಬೇಕು?

ಉದಾಹರಣೆಗೆ ಕೊರ್ವಾಲಿಸ್‌ನ ಟೂ ಟೌನ್ಸ್ ಸೈಡರ್‌ಹೌಸ್ ಮಾಡುವ ಮೇಡ್ ಮ್ಯಾರಿಯನ್ ತೆಗೆದುಕೊಳ್ಳಿ. ಲೋಟಕ್ಕೆ ಸುರಿದಾಗ ಗಾಢ ಕೆಂಪು, ಅಂಚಿನಲ್ಲಿ ಸ್ವಲ್ಪ ನೇರಳೆ ಛಾಯೆ. ನೊರೆ ಗುಲಾಬಿಯಾಗಿ ಏರಿ ಬೇಗ ಇಳಿದುಬಿಡುತ್ತದೆ. ಫ್ರಿಜ್‌ನಿಂದ ತೆಗೆದ ತಕ್ಷಣ ಮೂಸಿದರೆ ಬರೀ ಸಿಹಿ ವಾಸನೆ. ಹತ್ತು ನಿಮಿಷ ಬಿಟ್ಟು ಮೂಸಿದರೆ ಹಣ್ಣಿನ ಹಿಂದೆ ಬೀಜದ, ಕಡ್ಡಿಯ ವಾಸನೆ ಬರುತ್ತದೆ. ಬೆರಿ ಹಣ್ಣನ್ನು ಗಿಡದಿಂದ ಕಿತ್ತು ತಿಂದವರಿಗೆ ಅದು ಗೊತ್ತು. ಬಾಯಲ್ಲಿ ಮೊದಲು ಸಿಹಿ, ಆಮೇಲೆ ನಾಲಿಗೆಯ ಎರಡು ಬದಿಗೂ ಹುಳಿ, ನುಂಗಿದ ಮೇಲೆ ಹಸಿರು ಸೇಬಿನ ಸಿಪ್ಪೆ ಕಚ್ಚಿದ ರುಚಿ. ಆ ಸಿಪ್ಪೆಯ ರುಚಿಗಾಗಿಯೇ ನಾನು ಇದನ್ನು ಮತ್ತೆ ಮತ್ತೆ ಕೊಳ್ಳುತ್ತೇನೆ.

ಮ್ಯಾರಿಯನ್‌ಬೆರಿ ಇಲ್ಲಿನದೇ ಹಣ್ಣು. ಚೆಹಾಲೆಮ್ ಮತ್ತು ಒಲಾಲಿ ಅನ್ನುವ ಎರಡು ಬ್ಲ್ಯಾಕ್‌ಬೆರಿ ತಳಿಗಳನ್ನು ಕೂಡಿಸಿ ಕೊರ್ವಾಲಿಸ್‌ನಲ್ಲೇ ಬೆಳೆಸಿ, 1956ರಲ್ಲಿ ಬಿಡುಗಡೆ ಮಾಡಿದರು. ಮ್ಯಾರಿಯನ್ ಕೌಂಟಿಯಲ್ಲಿ ಪರೀಕ್ಷೆ ಮಾಡಿದ್ದರಿಂದ ಆ ಹೆಸರು. ಹಣ್ಣು ತುಂಬ ಮೃದು, ದೂರ ಸಾಗಿಸಲು ಆಗುವುದಿಲ್ಲ. ಹಾಗಾಗಿ ಬೆಳೆಯ ಬಹುಪಾಲು ಜ್ಯಾಮ್‌ಗೆ, ಪೈಗೆ, ಫ್ರೀಜರ್‌ಗೆ ಹೋಗುತ್ತದೆ. ಅದೇ ಊರಲ್ಲಿ ಸೈಡರ್‌ಗೂ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ.

ನಿಮ್ಮ ನಿಮ್ಮ ಊರಲ್ಲಿ ಏನು ಸಿಗುತ್ತದೆ, ಹೇಗಿದೆ, ಬರೆಯಿರಿ.

ಬ್ರಿಸ್ಟಲ್ ವಾಸಿ

ನಾನು ಆ ಗೆಳೆಯರ ಪಕ್ಷ. ಇಲ್ಲಿ ಸಾಮರ್‌ಸೆಟ್, ಹೆರೆಫರ್ಡ್‌ಶೈರ್ ಕಡೆ ಡ್ಯಾಬಿನೆಟ್, ಯಾರ್ಲಿಂಗ್ಟನ್ ಮಿಲ್, ಕಿಂಗ್‌ಸ್ಟನ್ ಬ್ಲ್ಯಾಕ್ ಅಂತ ಸೈಡರ್‌ಗಾಗಿಯೇ ಬೆಳೆಸಿದ ಸೇಬುಗಳಿವೆ. ಹಸಿಯಾಗಿ ಕಚ್ಚಿದರೆ ಉಗುಳಬೇಕು, ಅಷ್ಟು ಒಗರು. ಸೈಡರ್ ಆದ ಮೇಲೆ ಅದೇ ಒಗರು ಮೈತುಂಬಿದ ರುಚಿ ಕೊಡುತ್ತದೆ. ಇಲ್ಲೇ ಪಕ್ಕದ ಲಾಂಗ್ ಆಷ್ಟನ್ ಸಂಶೋಧನಾ ಕೇಂದ್ರದಲ್ಲಿ ಬಾರ್ಕರ್ ಅನ್ನುವವರು 1903ರಲ್ಲಿ ಸೈಡರ್ ಸೇಬುಗಳನ್ನು ನಾಲ್ಕು ಗುಂಪು ಮಾಡಿದರು. ಒಗರು ಕೊಡುವ ಟ್ಯಾನಿನ್ ಅನ್ನುವ ಅಂಶ ಶೇ. 0.2ಕ್ಕಿಂತ ಹೆಚ್ಚಿದ್ದರೆ ಒಗರಿನ ಗುಂಪು, ಆಮ್ಲ ಶೇ. 0.45ಕ್ಕಿಂತ ಹೆಚ್ಚಿದ್ದರೆ ಹುಳಿಯ ಗುಂಪು. ಎರಡೂ ಇದ್ದರೆ ಒಗರು-ಹುಳಿ, ಎರಡೂ ಕಡಿಮೆಯಿದ್ದರೆ ಬರೀ ಸಿಹಿ. ನೂರು ವರ್ಷ ದಾಟಿದರೂ ಇವತ್ತಿಗೂ ಎಲ್ಲರೂ ಅದನ್ನೇ ಬಳಸುತ್ತಾರೆ.

ಹಣ್ಣಿನೊಳಗೇ ಹುಳಿ, ಒಗರು, ಸಿಹಿ ಎಲ್ಲ ಇರುವಾಗ ಅದಕ್ಕೆ ಸ್ಟ್ರಾಬೆರಿ ಯಾಕೆ ಬೇಕು? ಇಲ್ಲಿನ ಪಬ್‌ಗಳಲ್ಲಿ ಐಸ್ ತುಂಬಿದ ಲೋಟಕ್ಕೆ ಸುರಿದು ಕೊಡುವ ಸ್ಟ್ರಾಬೆರಿ-ಲೈಮ್ ಸೈಡರ್ ಕುಡಿದು ನೋಡಿ. ಅದರಲ್ಲಿ ನಿಮ್ಮ ಅಳತೆಗೋಲಿನ ಸೇಬು ಎಲ್ಲಿದೆ ಅಂತ ಯಾರಾದರೂ ತೋರಿಸಿಕೊಡಲಿ.

ಒರೆಗಾನ್ ಕನ್ನಡಿಗ

ಡ್ಯಾಬಿನೆಟ್ ಕೈಗೆ ಸಿಗುವ ಊರಲ್ಲಿ ಇದ್ದಿದ್ದರೆ ನಾನೂ ಹೀಗೇ ಹೇಳುತ್ತಿದ್ದೆನೇನೋ. ಇಲ್ಲಿನ ಕಥೆ ಬೇರೆ. ಅಮೆರಿಕದಲ್ಲಿ ಅತಿ ಹೆಚ್ಚು ಸೇಬು ಬೆಳೆಯುವುದು ನಮ್ಮ ಪಕ್ಕದ ವಾಷಿಂಗ್ಟನ್ ರಾಜ್ಯ. ಆದರೆ ಅದೆಲ್ಲ ತಿನ್ನುವ ಸೇಬು: ಗಾಲಾ, ಫುಜಿ, ರೆಡ್ ಡಿಲಿಶಿಯಸ್, ಗ್ರ್ಯಾನಿ ಸ್ಮಿತ್. ಅಂಗಡಿಗೆ ಹೋಗದ ಗಾತ್ರದ್ದು, ಮಚ್ಚೆ ಬಿದ್ದದ್ದು ಸೈಡರ್‌ಗೆ ಬರುತ್ತದೆ. ಇವುಗಳಲ್ಲಿ ಟ್ಯಾನಿನ್ ತುಂಬ ಕಡಿಮೆ. ಯೀಸ್ಟ್ ಇದ್ದ ಸಕ್ಕರೆಯನ್ನೆಲ್ಲ ತಿಂದು ಮುಗಿಸಿದ ಮೇಲೆ ಉಳಿಯುವುದು ಹುಳಿ ಮತ್ತು ನೀರು ಅನ್ನುವಷ್ಟು ತೆಳು. ಒಗರು ಕೊಡುವ ಸೈಡರ್ ಸೇಬಿನ ಗಿಡ ನೆಟ್ಟರೆ ಒಳ್ಳೆಯ ಫಸಲು ಬರಲು ಹಲವು ವರ್ಷ ಕಾಯಬೇಕು. ಬೆರಿ ಹಣ್ಣು ಇವತ್ತೇ ಪಕ್ಕದ ತೋಟದಲ್ಲಿದೆ. ಬಣ್ಣ, ಹುಳಿ, ಸಿಪ್ಪೆಯ ಒಗರು ಮೂರೂ ಅದರಲ್ಲಿ ಸಿಗುತ್ತವೆ. ನಾನು ಹೇಳುವುದು ಇಷ್ಟೆ: ಸೇಬಿನಲ್ಲಿ ಯಾವುದು ಕಡಿಮೆ ಬಿದ್ದಿದೆಯೋ ಅದನ್ನು ತುಂಬುವ ಹಣ್ಣು ಸೇರಬೇಕು. ಸೇಬಿನ ಬಾಯಿ ಮುಚ್ಚಿಸುವ ಹಣ್ಣು ಬೇಡ.

ಐಸ್ ಹಾಕಿದ ಸ್ಟ್ರಾಬೆರಿ ಸೈಡರ್ ಬಗ್ಗೆ ನಿಮ್ಮ ಜೊತೆ ಜಗಳವೇ ಇಲ್ಲ.

ಮಿಚಿಗನ್ ಮಂಜು

ಚೆರ್ರಿ ಬಗ್ಗೆ ನಾನು ಬರೆಯದೆ ಇನ್ಯಾರು ಬರೆಯಬೇಕು? ಅಮೆರಿಕದ ಹುಳಿ ಚೆರ್ರಿಯಲ್ಲಿ ಸುಮಾರು ಮುಕ್ಕಾಲು ಭಾಗ ನಮ್ಮ ಮಿಚಿಗನ್‌ನದು. ಟ್ರಾವರ್ಸ್ ಸಿಟಿ ಸುತ್ತಮುತ್ತ, ಲೇಕ್ ಮಿಚಿಗನ್ ದಂಡೆಯುದ್ದಕ್ಕೂ ಮಾಂಟ್‌ಮೊರೆನ್ಸಿ ತಳಿಯ ಮರಗಳು. ಅವುಗಳ ಪಕ್ಕದಲ್ಲೇ ಸೇಬಿನ ತೋಟ. ಒಂದೇ ರೈತನ ಜಮೀನಿನಲ್ಲಿ ಎರಡೂ ಇರುವುದು ಸಾಮಾನ್ಯ. ಇಲ್ಲಿ ಚೆರ್ರಿ ಸೈಡರ್ ಹುಟ್ಟಿದ್ದು ಫ್ಯಾಷನ್‌ಗಲ್ಲ, ಬೇಲಿಯ ಆಚೆ ಈಚೆ ಬೆಳೆಯುವ ಹಣ್ಣು ಅಂತ.

ಸಟನ್ಸ್ ಬೇ ಹತ್ತಿರದ ಟ್ಯಾಂಡೆಮ್ ಸೈಡರ್ಸ್‌ನ ಚೆರ್ರಿ ಓ! ಅನ್ನುವುದು ಕುಡಿದು ನೋಡಿ. ಮಾಂಟ್‌ಮೊರೆನ್ಸಿಯ ಒಳಗಿನ ತಿರುಳು ಹಳದಿ, ಬಣ್ಣ ಇರುವುದು ಸಿಪ್ಪೆಯಲ್ಲಿ. ಹಾಗಾಗಿ ಅದರ ಸೈಡರ್ ಕಪ್ಪು ಕೆಂಪಾಗುವುದಿಲ್ಲ, ತಿಳಿ ಕೆಂಪು. ಒಳ್ಳೆಯ ಚೆರ್ರಿ ಸೈಡರ್‌ಗಳಲ್ಲಿ ಮೂಗಿಗೆ ಸಣ್ಣಗೆ ಬಾದಾಮಿ ವಾಸನೆ ಬರುತ್ತದೆ. ಅದು ಚೆರ್ರಿ ಬೀಜದ್ದು. ಬೀಜದ ಸಮೇತ ಹಣ್ಣು ನೆನೆಸಿದರೆ ಬೆಂಜಾಲ್ಡಿಹೈಡ್ ಅನ್ನುವ ಅಂಶ ಇಳಿಯುತ್ತದೆ, ಕಹಿ ಬಾದಾಮಿಯ ವಾಸನೆಗೂ ಅದೇ ಕಾರಣ. ಸಣ್ಣಗೆ ಇದ್ದರೆ ಬಹಳ ಚೆನ್ನ. ಜಾಸ್ತಿಯಾದರೆ ಕೆಮ್ಮಿನ ಔಷಧಿಯ ನೆನಪಾಗುತ್ತದೆ.

ಬ್ಲೂಬೆರಿ ಬೇರೆ ಜಾತಿ. ವ್ಯಾಂಡರ್ ಮಿಲ್‌ನವರ ಬ್ಲೂ ಗೋಲ್ಡ್ ಇದೆ, ವರ್ಮಾಂಟ್‌ನ ಸಿಟಿಜನ್ ಸೈಡರ್‌ನವರು ಬ್ಲೂಬೆರಿ ಜೊತೆ ಫರ್ಮೆಂಟ್ ಮಾಡಿದ ಬ್ರೋಸೆ ಇದೆ. ಮೊದಲ ಗುಟುಕಲ್ಲಿ "ಬ್ಲೂಬೆರಿ ಎಲ್ಲಿ?" ಅಂತ ಕೇಳುವವರೇ ಜಾಸ್ತಿ. ಬ್ಲೂಬೆರಿಯ ವಾಸನೆ ತುಂಬ ಸೂಕ್ಷ್ಮ. ಯೀಸ್ಟ್ ಸಕ್ಕರೆ ತಿಂದ ಮೇಲೆ ಹಣ್ಣಿನ ಗುರುತು ಬಣ್ಣದಲ್ಲಿ ಉಳಿಯುವಷ್ಟು ರುಚಿಯಲ್ಲಿ ಉಳಿಯುವುದಿಲ್ಲ. ಬಾಯಲ್ಲಿ ಸ್ವಲ್ಪ ಮಣ್ಣಿನ, ಸಿಪ್ಪೆಯ ಅಂಶ ಸಿಗುತ್ತದೆ. ನನಗೆ ಅದೇ ಇಷ್ಟ. ಬ್ಲೂಬೆರಿ ಕ್ಯಾಂಡಿ ಥರ ಘಮ್ ಅಂದರೆ ನಾನು ಲೇಬಲ್ ತಿರುಗಿಸಿ ನೋಡುತ್ತೇನೆ, ಫ್ಲೇವರ್ ಹಾಕಿದ್ದಾರಾ ಅಂತ.

ಇಲ್ಲಿ ಹಣ್ಣಿನ ಸೈಡರ್ ಅಂದರೆ ಹವಾಮಾನದ ಜೊತೆ ಆಟ. 2012ರ ಮಾರ್ಚ್‌ನಲ್ಲಿ ಅಕಾಲದ ಸೆಖೆಗೆ ಮರಗಳೆಲ್ಲ ಬೇಗ ಚಿಗುರಿದವು, ಏಪ್ರಿಲ್‌ನಲ್ಲಿ ಹಿಮ ಬಿತ್ತು. ಆ ವರ್ಷ ಸೇಬು, ಹುಳಿ ಚೆರ್ರಿ ಎರಡೂ ಹೆಚ್ಚುಕಡಿಮೆ ಪೂರ್ತಿ ಹೋದವು. ಹಿರಿಯ ರೈತರು ಇವತ್ತಿಗೂ ಆ ವಸಂತದ ಮಾತು ತೆಗೆಯುತ್ತಾರೆ.

ಸಿಯಾಟಲ್ ಸುಮ

ಬ್ಲ್ಯಾಕ್‌ಕರಂಟ್ ಮರೆಯಬೇಡಿ! ಚಿಮಾಕಮ್ ಊರಿನ ಫಿನ್‌ರಿವರ್‌ನವರು ಮಾಡುವ ಬ್ಲ್ಯಾಕ್ ಕರಂಟ್ ಸೈಡರ್ ನನ್ನ ಪಟ್ಟಿಯಲ್ಲಿ ಮೊದಲನೆಯದು. ಈ ಹಣ್ಣಿಗೆ ಹುಳಿಯೂ ಇದೆ, ಒಗರೂ ಇದೆ, ಬಣ್ಣವಂತೂ ಕೇಳಬೇಡಿ. ತಿನ್ನುವ ಸೇಬಿನಲ್ಲಿ ಕಡಿಮೆ ಇರುವುದೆಲ್ಲ ಇದರಲ್ಲಿ ಧಾರಾಳ. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಹಿಡಿದುಕೊಂಡ ಹಾಗಾಗುತ್ತದಲ್ವಾ, ಅದರ ಕಾಲು ಭಾಗ ಒಗರು ಈ ಸೈಡರ್‌ನ ಕೊನೆಯಲ್ಲಿ ಸಿಗುತ್ತದೆ. ಮೆಣಸಿನಕಾಯಿ ಬಜ್ಜಿ ಜೊತೆ ಇಟ್ಟು ನೋಡಿ. ಎಣ್ಣೆಯ ಜಿಡ್ಡನ್ನು ಒಗರು ಕತ್ತರಿಸುತ್ತದೆ, ಉಳಿದ ಸ್ವಲ್ಪ ಸಿಹಿ ಖಾರಕ್ಕೆ ಸಮಾಧಾನ ಹೇಳುತ್ತದೆ.

ಅಮೆರಿಕನ್ನರಲ್ಲಿ ಬಹಳ ಜನಕ್ಕೆ ಈ ಹಣ್ಣಿನ ರುಚಿಯೇ ಗೊತ್ತಿಲ್ಲ. ಬಿಳಿ ಪೈನ್ ಮರಗಳಿಗೆ ತುಕ್ಕು ರೋಗ ಹರಡುತ್ತದೆ ಅಂತ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇದನ್ನು ಬೆಳೆಯುವುದನ್ನೇ ನಿಷೇಧಿಸಿದ್ದರು. ಕೇಂದ್ರದ ನಿಷೇಧ 1966ರಲ್ಲಿ ಹೋಯಿತು, ಆಮೇಲೆ ಅದು ಆಯಾ ರಾಜ್ಯಗಳಿಗೆ ಬಿಟ್ಟ ವಿಷಯವಾಯಿತು. ನ್ಯೂಯಾರ್ಕ್ ಬಾಗಿಲು ತೆರೆದದ್ದು 2003ರಲ್ಲಿ. ಎರಡು ಮೂರು ತಲೆಮಾರು ಈ ಹಣ್ಣಿಲ್ಲದೆ ಬೆಳೆದಿವೆ.

ಬ್ರಿಸ್ಟಲ್ ವಾಸಿ

ಸುಮ ಅವರೇ, ಇಲ್ಲಿ ಉಲ್ಟಾ. ಮಕ್ಕಳೆಲ್ಲ ಬ್ಲ್ಯಾಕ್‌ಕರಂಟ್ ಕುಡಿದೇ ಬೆಳೆದವರು. ಅದೇ ಲಾಂಗ್ ಆಷ್ಟನ್ ಕೇಂದ್ರದಲ್ಲಿ 1930ರ ದಶಕದಲ್ಲಿ ನಡೆದ ಹಣ್ಣಿನ ರಸದ ಸಂಶೋಧನೆಯಿಂದಲೇ ರೈಬೀನಾ ಅನ್ನುವ ಬ್ಲ್ಯಾಕ್‌ಕರಂಟ್ ಶರಬತ್ತು ಬಂದದ್ದು. ಪಬ್‌ಗಳಲ್ಲಿ ಸೈಡರ್‌ಗೆ ಬ್ಲ್ಯಾಕ್‌ಕರಂಟ್ ಸಿರಪ್ ಬೆರೆಸಿ ಕೊಡುವುದೂ ಹಳೆಯ ರೂಢಿ. ಅದು ನನಗೆ ಸೇರುವುದಿಲ್ಲ. ಸಿರಪ್ ಬೆರೆಸುವುದು ಬೇರೆ, ಹಣ್ಣಿನ ಜೊತೆ ಫರ್ಮೆಂಟ್ ಮಾಡುವುದು ಬೇರೆ ಅನ್ನುವುದನ್ನು ಮಾತ್ರ ಒಪ್ಪುತ್ತೇನೆ.

ಜಯನಗರದ ಜಾಣ

ಒಂದು ಪ್ರಶ್ನೆ. ಸ್ಟ್ರಾಬೆರಿ, ಪೀಚ್ ಸೈಡರ್ ಯಾವಾಗ ಕುಡಿದರೂ ಚೂಯಿಂಗ್ ಗಮ್ ವಾಸನೆ ಯಾಕೆ? ಚೆರ್ರಿ, ರಾಸ್ಪ್‌ಬೆರಿ ಹಾಗಿರಲ್ಲ.

ಮಿಚಿಗನ್ ಮಂಜು

ಒಳ್ಳೆಯ ಪ್ರಶ್ನೆ. ಹಣ್ಣನ್ನು ಯಾವಾಗ ಹಾಕಿದರು ಅನ್ನುವುದರಲ್ಲೇ ಉತ್ತರ ಇದೆ.

ಸೇಬಿನ ರಸ, ಹಣ್ಣು ಎರಡನ್ನೂ ಮೊದಲೇ ಕೂಡಿಸಿ ಯೀಸ್ಟ್‌ಗೆ ಬಿಟ್ಟರೆ ಎರಡರ ಸಕ್ಕರೆಯೂ ಒಟ್ಟಿಗೆ ಮದ್ಯವಾಗುತ್ತದೆ. ಆಗ ಮೇಲೇಳುವ ಇಂಗಾಲದ ಡೈ ಆಕ್ಸೈಡ್ ಜೊತೆ ಹಣ್ಣಿನ ಹಗುರ ವಾಸನೆಗಳೂ ಹಾರಿಹೋಗುತ್ತವೆ. ಸ್ಟ್ರಾಬೆರಿ, ಪೀಚ್‌ಗಳ ಗುರುತೇ ಆ ಹಗುರ ವಾಸನೆ ಮತ್ತು ಸಿಹಿ. ಎರಡೂ ಹೋದ ಮೇಲೆ ಉಳಿಯುವುದು ಏನೋ ಒಂದು ಹುಳಿ ಅಷ್ಟೆ. ಸ್ಟ್ರಾಬೆರಿಯ ಬಣ್ಣವೂ ನಿಲ್ಲುವುದಿಲ್ಲ, ಕೆಲವು ತಿಂಗಳಲ್ಲಿ ಮಾಸಲು ಕಿತ್ತಳೆಗೆ ತಿರುಗುತ್ತದೆ. ಆ ಖಾಲಿ ಜಾಗ ತುಂಬಲು ತಯಾರಕರು ಕೊನೆಯಲ್ಲಿ ಫ್ಲೇವರ್ ಹಾಕುತ್ತಾರೆ. ನಿಮಗೆ ಬರುವ ಗಮ್ ವಾಸನೆ ಬಹುಪಾಲು ಅದರದ್ದೇ.

ರಾಸ್ಪ್‌ಬೆರಿ, ಹುಳಿ ಚೆರ್ರಿ, ಬ್ಲ್ಯಾಕ್‌ಕರಂಟ್ ಹಾಗಲ್ಲ. ಅವುಗಳಲ್ಲಿ ಆಮ್ಲ ಗಟ್ಟಿ, ಬಣ್ಣ ಗಟ್ಟಿ, ಸಿಪ್ಪೆ ಬೀಜಗಳಲ್ಲಿ ಒಗರಿದೆ. ಯೀಸ್ಟ್ ತಿನ್ನುವುದು ಸಕ್ಕರೆಯನ್ನು ಮಾತ್ರ, ಉಳಿದದ್ದು ಅಲ್ಲೇ ಇರುತ್ತದೆ.

ಎರಡನೆಯ ದಾರಿ, ಸೇಬು ಮೊದಲು ಫರ್ಮೆಂಟ್ ಆಗಲಿ, ಆಮೇಲೆ ಹಣ್ಣು ಹಾಕಿ ಕೆಲವು ವಾರ ನೆನೆಸುವುದು. ಹಣ್ಣನ್ನು ಮೊದಲು ಫ್ರೀಜ್ ಮಾಡುತ್ತಾರೆ. ಮಂಜುಗಡ್ಡೆಯ ಹರಳುಗಳು ಹಣ್ಣಿನ ಕೋಶ ಒಡೆಯುತ್ತವೆ, ಕರಗಿದಾಗ ರಸ ಸಲೀಸಾಗಿ ಬಿಡುತ್ತದೆ. ಇದರಲ್ಲಿ ವಾಸನೆ ಚೆನ್ನಾಗಿ ಉಳಿಯುತ್ತದೆ. ನನ್ನ ಮಟ್ಟಿಗೆ ಒಳ್ಳೆಯ ಹಣ್ಣಿನ ಸೈಡರ್‌ಗಳು ಬರುವುದು ಹೆಚ್ಚಾಗಿ ಈ ದಾರಿಯಲ್ಲಿ.

ಮೂರನೆಯದು, ಎಲ್ಲ ಮುಗಿದ ಮೇಲೆ ರಸ ಬೆರೆಸಿ ಸಿಹಿ ಮಾಡಿ, ಮತ್ತೆ ಫರ್ಮೆಂಟ್ ಆಗದಂತೆ ಪಾಶ್ಚರೀಕರಿಸಿ ಅಥವಾ ಸೋಸಿ ಕ್ಯಾನ್‌ಗೆ ತುಂಬುವುದು. ಅನಾನಸ್‌ಗೆ ಇದು ಒಗ್ಗುತ್ತದೆ. ಹಾಗೆ ಮಾಡದೆ ಹಸಿ ಹಣ್ಣಿನ ತಿರುಳು ತುಂಬಿ ಮುಚ್ಚಿದರೆ ಒಳಗೆ ಮತ್ತೆ ಯೀಸ್ಟ್ ಎದ್ದು ಕ್ಯಾನ್ ಉಬ್ಬುತ್ತದೆ, ಒಡೆಯುವುದೂ ಉಂಟು. ಉಬ್ಬಿದ ಕ್ಯಾನ್ ಮನೆಯಲ್ಲಿದ್ದರೆ ದಯವಿಟ್ಟು ತೆರೆಯಲು ಹೋಗಬೇಡಿ.

ಲೆಕ್ಕದ ಮನುಷ್ಯ

ನಾನು ನ್ಯೂಯಾರ್ಕ್‌ನಲ್ಲಿ ಸಣ್ಣ ಉದ್ದಿಮೆಗಳ ತೆರಿಗೆ ನೋಡಿಕೊಳ್ಳುವವನು. ಇಲ್ಲಿ ಯಾರೂ ಹೇಳದ ಒಂದು ವಿಷಯ ನಿಮ್ಮ ಲೋಟದ ಗುಳ್ಳೆಗಳಲ್ಲೇ ಇದೆ.

ಅಮೆರಿಕದ ಕೇಂದ್ರ ತೆರಿಗೆಯಲ್ಲಿ ಹಾರ್ಡ್ ಸೈಡರ್‌ಗೆ ಗ್ಯಾಲನ್‌ಗೆ 22.6 ಸೆಂಟ್. ಮದ್ಯ ಶೇ. 8.5ಕ್ಕಿಂತ ಕಡಿಮೆ ಇರಬೇಕು, ಗುಳ್ಳೆ ಎಬ್ಬಿಸುವ ಅನಿಲ 100 ಮಿಲಿಲೀಟರ್‌ಗೆ 0.64 ಗ್ರಾಂ ದಾಟಬಾರದು. 2015ರ ಕೊನೆಯಲ್ಲಿ ಬದಲಾದ ಕಾನೂನು ಪೇರ್ ಹಣ್ಣನ್ನೂ ಒಳಗೆ ಸೇರಿಸಿಕೊಂಡಿತು. ಬೇರೆ ಯಾವ ಹಣ್ಣನ್ನೂ ಸೇರಿಸಲಿಲ್ಲ. ಒಂದು ಹಿಡಿ ರಾಸ್ಪ್‌ಬೆರಿ ಬಿದ್ದರೆ ಸಾಕು, ತೆರಿಗೆಯವರ ಕಣ್ಣಲ್ಲಿ ಅದು ಸೈಡರ್ ಅಲ್ಲ, ವೈನ್. ಗ್ಯಾಲನ್‌ಗೆ 1.07 ಡಾಲರ್. ಅದರ ಮೇಲೆ ಅನಿಲ 0.392 ಗ್ರಾಂ ದಾಟಿತೋ, ನೊರೆಯುಕ್ಕುವ ವೈನ್ ಲೆಕ್ಕ. ಹೊರಗಿನಿಂದ ಅನಿಲ ತುಂಬಿದ್ದರೆ 3.30 ಡಾಲರ್, ಫರ್ಮೆಂಟ್ ಆಗಿ ಬಂದ ಅನಿಲವಾದರೆ 3.40. ಸಣ್ಣ ತಯಾರಕರಿಗೆ ರಿಯಾಯಿತಿ ಇದೆ, ನಿಜ. ಆದರೂ ಅಂತರ ದೊಡ್ಡದೇ.

ಇದರಿಂದ ಏನಾಗುತ್ತದೆ? ಎಷ್ಟೋ ತಯಾರಕರು ಹಣ್ಣಿನ ಸೈಡರ್‌ನಲ್ಲಿ ಗುಳ್ಳೆಯನ್ನು ಬೇಕೆಂದೇ ಕಡಿಮೆ ಇಡುತ್ತಾರೆ. ಒಂದೇ ಕಂಪನಿಯ ಸಾದಾ ಸೈಡರ್ ಚುರುಚುರು ಅನ್ನುತ್ತದೆ, ಚೆರ್ರಿಯದು ಮೆತ್ತಗಿರುತ್ತದೆ. ಗುಳ್ಳೆ ಕಡಿಮೆಯಾದರೆ ಸಿಹಿ ಜಾಸ್ತಿ ಅನ್ನಿಸುತ್ತದೆ, ವಾಸನೆ ಮೇಲಕ್ಕೆ ಏಳುವುದಿಲ್ಲ. "ಶರಬತ್ತು" ಅನ್ನುವ ದೂರಿನಲ್ಲಿ ಒಂದು ಪಾಲು ಈ ಕಾನೂನಿನದ್ದು. ಸೇಬಿಗೆ ಪಕ್ಕದ ತೋಟದ ಹಣ್ಣು ಬೆರೆಸಿದ ರೈತನಿಗೆ ಇಂಥ ದಂಡ ಹಾಕುವುದು ನನಗಂತೂ ಅನ್ಯಾಯವಾಗಿ ಕಾಣುತ್ತದೆ.

ಬ್ರಿಸ್ಟಲ್ ವಾಸಿ

ಬ್ರಿಟನ್‌ನಲ್ಲೂ ಹಾಗೇ. ಬೇರೆ ಹಣ್ಣು ಸೇರಿದರೆ ಸೈಡರ್‌ನ ಅಗ್ಗದ ಸುಂಕ ಸಿಗುವುದಿಲ್ಲ. ಅತ್ತ ಸೇಬು ಅಥವಾ ಪೇರ್ ರಸ ಶೇ. 35 ಇದ್ದರೆ ಸಾಕು, ಉಳಿದದ್ದು ನೀರು, ಸಕ್ಕರೆ ಆದರೂ ಅದು ಸೈಡರ್! ಪೂರ್ತಿ ರಸಕ್ಕೆ ನಾಲ್ಕು ಡ್ಯಾಮ್ಸನ್ (ಸಣ್ಣ ಜಾತಿಯ ಪ್ಲಮ್) ಹಾಕಿದವನು ಹೊರಗೆ. ನನ್ನ ವಾದ ಏನೇ ಇರಲಿ, ಇದು ಸರಿಯಲ್ಲ.

ಡಲ್ಲಾಸ್ ದೀಪ

ಒಂದು ಬೇಸರದ ಅನುಭವ. ಹೋದ ಬೇಸಿಗೆಯಲ್ಲಿ ಒಂದು ಸಣ್ಣ ಸೈಡರಿಯ ರಾಸ್ಪ್‌ಬೆರಿ ಬಾಟಲಿ ತಂದೆ. ಬೆಲೆ ಕಡಿಮೆಯೇನೂ ಇರಲಿಲ್ಲ. ತೆರೆದರೆ ಕುಂಡದ ಜೆರೇನಿಯಂ ಎಲೆ ಹೊಸಕಿದ ವಾಸನೆ. ರಾಸ್ಪ್‌ಬೆರಿ ಅಂದರೆ ಹೀಗೇ ಇರಬೇಕೇನೋ ಅಂತ ಗೆಳತಿ ಹೇಳಿದಳು. ಹೌದಾ?

ಮಿಚಿಗನ್ ಮಂಜು

ಇಲ್ಲ, ಅದು ದೋಷ. ಸಿಹಿ ಸೈಡರ್ ಮತ್ತೆ ಫರ್ಮೆಂಟ್ ಆಗದಿರಲಿ ಅಂತ ಪೊಟ್ಯಾಸಿಯಂ ಸಾರ್ಬೇಟ್ ಹಾಕುತ್ತಾರೆ. ಅದು ಯೀಸ್ಟನ್ನು ತಡೆಯುತ್ತದೆ, ಲ್ಯಾಕ್ಟಿಕ್ ಬ್ಯಾಕ್ಟೀರಿಯಾವನ್ನು ತಡೆಯುವುದಿಲ್ಲ. ಜೊತೆಗೆ ಬ್ಯಾಕ್ಟೀರಿಯಾ ತಡೆಯುವ ಸಲ್ಫೈಟ್ ಸಾಕಷ್ಟು ಇಲ್ಲದಿದ್ದರೆ ಆ ಬ್ಯಾಕ್ಟೀರಿಯಾ ಸಾರ್ಬೇಟನ್ನೇ ಬದಲಿಸಿ ಜೆರೇನಿಯಂ ವಾಸನೆ ಹುಟ್ಟಿಸುತ್ತದೆ. ಬಂದ ಮೇಲೆ ತೆಗೆಯಲು ದಾರಿಯಿಲ್ಲ. ಅಂಗಡಿಗೆ ವಾಪಸ್ ಕೊಡಿ, ಸಂಕೋಚ ಬೇಡ. ಉಗುರು ಬಣ್ಣ ತೆಗೆಯುವ ದ್ರವದ ವಾಸನೆ, ವಿನೆಗರ್ ವಾಸನೆ ಬಂದರೂ ಹೀಗೇ. ಹಣ್ಣಿನ ಗಾಢ ವಾಸನೆ ಇಂಥ ದೋಷಗಳನ್ನು ಮುಚ್ಚಿಡುತ್ತದೆ. ಹಾಗಾಗಿ ಗಮನವಿಟ್ಟು ಮೂಸಬೇಕು.

ಕೊಡಗಿನ ಕಾಫಿ

ನಮ್ಮ ಕಡೆ ಪ್ಯಾಶನ್ ಫ್ರೂಟ್, ನೆಲ್ಲಿಕಾಯಿ, ದ್ರಾಕ್ಷಿಗೆ ಸಕ್ಕರೆ, ಗೋಧಿ, ಯೀಸ್ಟ್ ಹಾಕಿ ಭರಣಿಯಲ್ಲಿಡುವುದು ಹಳೆಯ ಅಭ್ಯಾಸ. ಅದು ಸಿಹಿ ವೈನ್. ಸೇಬಿನ ರಸಕ್ಕೆ ನಮ್ಮ ಹಣ್ಣು ಸೇರಿಸಿದರೆ ಹೇಗಿರಬಹುದು? ಶಿಮ್ಲಾ ಸೇಬು ಸಿಗುತ್ತದೆ. ನೇರಳೆ, ಪುನರ್ಪುಳಿ ಸೇರಿಸಿದರೆ?

ಒರೆಗಾನ್ ಕನ್ನಡಿಗ

ಬಹಳ ಚೆನ್ನಾದ ಯೋಚನೆ. ಹಿಮಾಚಲದ ಡಿಲಿಶಿಯಸ್ ಸೇಬಿನ ಮೂಲ ಅಮೆರಿಕವೇ. ಫಿಲಡೆಲ್ಫಿಯಾದಿಂದ ಬಂದು ಕೋಟ್‌ಗಢದಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರ ಸುಮಾರಿಗೆ ಡಿಲಿಶಿಯಸ್ ಸಸಿ ತರಿಸಿ ನೆಟ್ಟರು. ಇವತ್ತು ಬೆಂಗಳೂರಿನ ತಳ್ಳುಗಾಡಿಗೆ ಬರುವ ರಾಯಲ್ ಡಿಲಿಶಿಯಸ್ ಅದೇ ಬಳಗದ್ದು. ಇಲ್ಲಿನ ತಿನ್ನುವ ಸೇಬಿನ ಸಮಸ್ಯೆಯೇ ಅಲ್ಲೂ: ಸಿಹಿ ಇದೆ, ಹುಳಿ ಕಡಿಮೆ, ಒಗರು ಇನ್ನೂ ಕಡಿಮೆ. ನೇರಳೆ ಒಗರು, ಬಣ್ಣ ಎರಡನ್ನೂ ಕೊಡುತ್ತದೆ. ಪುನರ್ಪುಳಿ ಹುಳಿ, ಬಣ್ಣ ಕೊಡುತ್ತದೆ. ನಾನಾದರೆ ನೇರಳೆಯನ್ನು ಫರ್ಮೆಂಟ್ ಅರ್ಧ ಆದ ಮೇಲೆ ಹಾಕುತ್ತೇನೆ, ಪುನರ್ಪುಳಿಯನ್ನು ಕೊನೆಗೆ, ಸ್ವಲ್ಪ ಸ್ವಲ್ಪ ರುಚಿ ನೋಡುತ್ತ. ನಾಸಿಕ್‌ನ ಸೆರಾನಾದವರು ಜೇನಿಗೆ ನೇರಳೆ ಸೇರಿಸಿ ಮೀಡ್, ಅಂದರೆ ಜೇನಿನ ಮದ್ಯ, ಮಾಡಿದ್ದಾರೆ. ಹಾಗಾಗಿ ನೇರಳೆ ಯೀಸ್ಟ್ ಜೊತೆ ಹೊಂದುತ್ತದೆ ಅನ್ನುವುದರಲ್ಲಿ ಅನುಮಾನ ಇಲ್ಲ.

ಆದರೆ ಒಂದು ಮಾತು. ಇಲ್ಲಿ ಅಮೆರಿಕದಲ್ಲಿ ಒಬ್ಬ ವಯಸ್ಕ ಮನೆ ಬಳಕೆಗೆ ವರ್ಷಕ್ಕೆ 100 ಗ್ಯಾಲನ್‌ವರೆಗೆ ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಮದ್ಯ ತಯಾರಿಸಲು ಪರವಾನಗಿ ಬೇಕು. ನಮ್ಮ ಕಡೆ ಯಾರಾದರೂ ಪರವಾನಗಿ ಇರುವ ವೈನರಿಯವರು ಇದನ್ನು ಕೈಗೆತ್ತಿಕೊಳ್ಳಲಿ ಅನ್ನುವುದು ನನ್ನ ದೊಡ್ಡ ಆಸೆ. ನೇರಳೆ ಹಣ್ಣು ಮರದಡಿ ಬಿದ್ದು ಕೊಳೆಯುವುದನ್ನು ನೋಡಿದವರಿಗೆ ಈ ಆಸೆ ಅರ್ಥವಾಗುತ್ತದೆ.

ಜಯನಗರದ ಜಾಣ

ಅಕ್ಟೋಬರ್‌ನಲ್ಲಿ ಅಕ್ಕನ ಮನೆಗೆ ಪೋರ್ಟ್‌ಲ್ಯಾಂಡ್‌ಗೆ ಬರುತ್ತಿದ್ದೇನೆ. ನಾಲ್ಕೈದು ಜನ ಸೇರಿ ರುಚಿ ನೋಡಬೇಕೆಂದರೆ ಹೇಗೆ ಶುರು ಮಾಡುವುದು?

ಸಿಯಾಟಲ್ ಸುಮ

ಮೊದಲು ಒಂದೇ ಸೈಡರಿಯ ಸಾದಾ ಸೈಡರ್ ಮತ್ತು ಹಣ್ಣಿನ ಸೈಡರ್ ಜೋಡಿಯಾಗಿ ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟು ಕುಡಿದರೆ ಹಣ್ಣು ಏನು ಸೇರಿಸಿತು, ಏನು ಕಿತ್ತುಕೊಂಡಿತು ಅಂತ ತಕ್ಷಣ ತಿಳಿಯುತ್ತದೆ. ಬರೀ ಹಣ್ಣಿನವನ್ನೇ ಸಾಲಾಗಿ ಕುಡಿದರೆ ಮೂರನೆಯದಕ್ಕೆ ನಾಲಿಗೆ ಸೋತಿರುತ್ತದೆ.

ಫ್ರಿಜ್‌ನಿಂದ ಕಾಲು ಗಂಟೆ ಮೊದಲೇ ತೆಗೆದಿಡಿ. 10-12 ಡಿಗ್ರಿ ಸರಿ. ಕೊರೆಯುವ ತಂಪಿನಲ್ಲಿ ಒಳ್ಳೆಯದೂ ಕೆಟ್ಟದ್ದೂ ಒಂದೇ ಥರ. ಬಾಯಿ ಕಿರಿದಾದ ವೈನ್ ಲೋಟ ಇದ್ದರೆ ಒಳ್ಳೆಯದು, ಅರ್ಧಕ್ಕಿಂತ ಕಡಿಮೆ ಸುರಿಯಿರಿ. ಸಿಹಿ ಇಲ್ಲದ್ದು ಮೊದಲು, ಸಿಹಿ ಆಮೇಲೆ. ಶುಂಠಿ, ಮೆಣಸಿನಕಾಯಿ ಹಾಕಿದ್ದಿದ್ದರೆ ಕಟ್ಟಕಡೆಗೆ. ನಡುವೆ ಬಾಯಿಗೆ ಬಿಳಿ ಬ್ರೆಡ್, ನೀರು. ಖಾರ ತಿಂಡಿ ಎಲ್ಲ ಮುಗಿದ ಮೇಲೆ ತೆಗೆಯಿರಿ. ಇಲ್ಲದಿದ್ದರೆ ಖಾರದ್ದೇ ರಾಜ್ಯಭಾರ.

ಲೇಬಲ್ ಓದಿ. ಹಣ್ಣಿನ ಹೆಸರಿನ ಮುಂದೆ ರಸ ಅಂತಿದೆಯೋ ಫ್ಲೇವರ್ ಅಂತಿದೆಯೋ ನೋಡಿ. ಇನ್ನೊಂದು, 355 ಮಿಲಿಲೀಟರ್ ಕ್ಯಾನ್, ಶೇ. 6 ಅಂದರೆ ಅಮೆರಿಕದ ಲೆಕ್ಕದ ಒಂದು ಪೆಗ್ಗಿಗಿಂತ ಸ್ವಲ್ಪ ಜಾಸ್ತಿಯೇ. ಹಣ್ಣಿನ ಸಿಹಿಯಲ್ಲಿ ಅದು ಗೊತ್ತಾಗುವುದಿಲ್ಲ. ಕಾರು ಓಡಿಸುವವರು ಮೂಸಿ, ಬಾಯಿಗೆ ಹಾಕಿ ಉಗುಳಲಿ. ಸೈಡರ್ ತೀರ್ಪುಗಾರರೂ ಉಗುಳುತ್ತಾರೆ.

ಮಿಚಿಗನ್ ಮಂಜು

ತೀರ್ಪುಗಾರರ ಮಾತು ಬಂತಲ್ಲ. ನಮ್ಮ ಗ್ರ್ಯಾಂಡ್ ರ್ಯಾಪಿಡ್ಸ್‌ನಲ್ಲಿ ಗ್ಲಿಂಟ್‌ಕ್ಯಾಪ್ ಅನ್ನುವ ದೊಡ್ಡ ಸೈಡರ್ ಸ್ಪರ್ಧೆ 2005ರಿಂದ ನಡೆಯುತ್ತಿದೆ, ಹಣ್ಣಿನ ಸೈಡರ್‌ಗೆ ಪ್ರತ್ಯೇಕ ವಿಭಾಗ ಇದೆ. ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ 2015ರ ಮಾರ್ಗಸೂಚಿಯಲ್ಲೂ ಈ ಬಗೆಯ ಸೈಡರ್‌ಗೆ ಒಂದು ಕಟ್ಟುನಿಟ್ಟಿನ ಮಾತಿದೆ. ಸೈಡರ್ ಜಾಗದಲ್ಲಿ ರುಚಿಯಿಲ್ಲದ ಸ್ಪಿರಿಟ್ ಇಟ್ಟಿದ್ದರೂ ಇದು ಹೀಗೇ ಇರುತ್ತಿತ್ತಾ ಅಂತ ತೀರ್ಪುಗಾರ ಕೇಳಿಕೊಳ್ಳಬಹುದಂತೆ. ಹೌದು ಅಂದರೆ ಅದು ದೋಷ. ಒರೆಗಾನ್ ಕನ್ನಡಿಗರು ಮೊದಲೇ ಹೇಳಿದ ಮಾತೇ ಅಲ್ವಾ ಇದು?

ಬ್ರಿಸ್ಟಲ್ ವಾಸಿ

ಆ ಪ್ರಶ್ನೆ ನನಗೆ ಹಿಡಿಸಿತು. ಈ ವಾರ ಹೆರೆಫರ್ಡ್‌ಶೈರ್ ಕಡೆಯ ಒಂದು ತೋಟದವರು ಡ್ಯಾಮ್ಸನ್ ಜೊತೆ ಫರ್ಮೆಂಟ್ ಮಾಡಿದ ಬಾಟಲಿ ತೆಗೆದೆ. ಪ್ಲಮ್ ಸಿಪ್ಪೆಯ ಒಗರು, ಅದರಡಿಯಲ್ಲಿ ಡ್ಯಾಬಿನೆಟ್‌ನ ಒಗರು. ಎರಡು ಒಗರು ಸೇರಿ ಬಾಯಿ ಒಣಗಿಹೋಯಿತು. ನಮ್ಮ ಸೇಬಿಗೆ ಇನ್ನೊಂದು ಒಗರು ಹಣ್ಣು ಬೇಡ ಅನ್ನುವುದು ನನಗೆ ಖಾತ್ರಿಯಾಯಿತು. ತಿನ್ನುವ ಸೇಬಿಗೆ ಬೇಕಾಗಬಹುದು, ಅದು ನಿಮ್ಮ ಊರಿನ ಮಾತು.

ಇನ್ನೊಂದು ಬಾಟಲಿ ಉಳಿದಿದೆ. ಒಂದೆರಡು ವರ್ಷ ಇಟ್ಟರೆ ಮೆತ್ತಗಾಗುತ್ತದಾ?

ಒರೆಗಾನ್ ಕನ್ನಡಿಗ

ಒಗರು ಮೆತ್ತಗಾಗುತ್ತದೆ, ಟ್ಯಾನಿನ್‌ಗಳು ಒಂದಕ್ಕೊಂದು ಕೂಡಿಕೊಂಡು ತಳಕ್ಕಿಳಿಯುತ್ತವೆ. ಆದರೆ ಹಣ್ಣಿನ ವಾಸನೆ ಅದಕ್ಕಿಂತ ಮೊದಲೇ ಇಳಿಯುತ್ತದೆ. ಬಣ್ಣವೂ ಕಂದಾಗುತ್ತದೆ, ಬಾಟಲಿ ಬಿಳಿ ಗಾಜಿನದಾಗಿದ್ದರೆ ಇನ್ನೂ ಬೇಗ. ಕತ್ತಲಲ್ಲಿ, ತಂಪಿನಲ್ಲಿ ನಿಲ್ಲಿಸಿಡಿ. ಎರಡು ವರ್ಷ ಬೇಡ, ಮುಂದಿನ ಚಳಿಗಾಲಕ್ಕೆ ತೆಗೆಯಿರಿ. ಕ್ಯಾನ್‌ಗಳನ್ನಂತೂ ಇಡಲೇಬೇಡಿ. ತುಂಬಿದ ತಾರೀಖು ಕ್ಯಾನ್ ತಳದಲ್ಲಿದ್ದರೆ ನೋಡಿ, ಆರು ತಿಂಗಳಿನೊಳಗಿನದು ಕೊಳ್ಳಿ.

ಜಾಣ ಅವರೇ, ಪೋರ್ಟ್‌ಲ್ಯಾಂಡ್‌ಗೆ ಬಂದಾಗ ಇಲ್ಲಿ ಬರೆಯಿರಿ. ಅಕ್ಟೋಬರ್ ಅಂದರೆ ಸೇಬು ಹಿಂಡುವ ಕಾಲ. ಕೊರ್ವಾಲಿಸ್ ಅಲ್ಲಿಂದ ಎರಡು ಗಂಟೆಯೊಳಗಿನ ದಾರಿ.